ಅಧ್ಯಕ್ಷೆಯ ಕುರ್ಚಿ, ತಲೆ ಮೇಲಿನ ಫ್ಯಾನು

ಹೊಗಳಿದರೆ ಅಧ್ಯಕ್ಷರ ಕುರ್ಚಿ ಒಂದು ಗೇಣು ಮೇಲೇಳುತ್ತಿತ್ತು, ಪ್ರಶ್ನೆ ಕೇಳಿದರೆ ಅಷ್ಟೇ ಕೆಳಗಿಳಿಯುತ್ತಿತ್ತು. ಎಲ್ಲ ಊರಿನ ಪುರಸಭೆಯಲ್ಲೂ ಹಾಗೇ, ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅಧ್ಯಕ್ಷೆ ಗುರುಬಸವ್ವನವರು ಎಷ್ಟೇ ಮೇಲೆ ಹೋದರೂ ವಿರೋಧ ಪಕ್ಷದ ಮಲ್ಲೇಶಪ್ಪ ಎದ್ದು, "ಚರಂಡಿ ಕೆಲಸ ಎಲ್ಲಿಗೆ ಬಂತ್ರೀ?" ಎಂದು ಗದರಿ ಗದರಿ ಅವರ ಚಪ್ಪಲಿಯನ್ನು ನೆಲಕ್ಕೆ ಮುಟ್ಟಿಸುತ್ತಿದ್ದರು.

ಆ ಮಲ್ಲೇಶಪ್ಪನವರನ್ನೇ ಹೋದ ವಾರ ಶಾಲು ಹೊದಿಸಿ ತಮ್ಮ ಪಕ್ಷಕ್ಕೆ ಎಳೆದುಕೊಂಡವರು ಗುರುಬಸವ್ವ. ಕಾಟ ತಪ್ಪಿತೆಂದು ಊರಿಗೆಲ್ಲ ಪೇಡೆ ಹಂಚಿದವರೂ ಅವರೇ.

ಇವತ್ತು ಸಭೆ ಶುರುವಾಗುವ ಮೊದಲೇ ಜೈಕಾರಕ್ಕೆ ಕುರ್ಚಿ ಕಿಟಕಿಯ ಎತ್ತರ ದಾಟಿತ್ತು. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.

"ಮಲ್ಲೇಶಪ್ಪಾರ, ಏನರ ಒಂದು ಕೇಳ್ರಿ! ಚರಂಡಿ ಬಗ್ಗೆನರ ಕೇಳ್ರಿ!" ಎಂದು ಗುರುಬಸವ್ವ ಮೇಲಿನಿಂದ ಕೂಗಿದರು.

ಮಲ್ಲೇಶಪ್ಪ ಎದ್ದು ಕೈ ಮುಗಿದರು. "ನಿಮ್ಮಂಥಾ ದೇವರನ್ನ ಪ್ರಶ್ನೆ ಕೇಳೂವಷ್ಟು ದೊಡ್ಡಾವ ನಾನಲ್ರೀ ಮೇಡಂ."

ಕುರ್ಚಿ ಮತ್ತೊಂದು ಗೇಣು ಏರಿತು. ಗುರುಬಸವ್ವ ತಲೆಯನ್ನು ಮೊಣಕಾಲ ನಡುವೆ ತುರುಕಿಕೊಂಡು ಕಿರುಚಿದರು: "ಯಾರರ ಫ್ಯಾನ್ ಬಂದ್ ಮಾಡ್ರೀ!"

"ಆಹಾ, ಕರೆಂಟ್ ಉಳಿಸೂ ವಿಚಾರ! ಎಂಥಾ ದೂರದೃಷ್ಟಿ ನಮ್ಮ ಮೇಡಂದು!" ಎಂದು ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರ ಎರಡೂ ಕೈ ಚಪ್ಪಾಳೆಯಲ್ಲೇ ಇದ್ದುದರಿಂದ, ಸ್ವಿಚ್ಚಿಗೆ ಮಾತ್ರ ಒಂದು ಕೈಯೂ ಹೋಗಲಿಲ್ಲ.