ಪಾಳಿ ವಿಭಾಗದ ಕೊನೆಯ ಇಬ್ಬರು

ಹೈದರಾಬಾದಿನ ಬಸ್ಸು ಬಸವಕಲ್ಯಾಣದ ನಿಲ್ದಾಣದಿಂದ ಇನ್ನೇನು ಹೊರಳಬೇಕು, ಅಷ್ಟರಲ್ಲಿ ಗಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇಬಿಟ್ಟಳು. ಹಿಂದಿನ ಸೀಟಿನಲ್ಲಿ ಒಬ್ಬ ಕಿಟಕಿಗೆ ಮುಖ ಕೊಟ್ಟು ಕೂತಿದ್ದ. ಕೊರೊನಾ ಹೋಗಿ ಎಷ್ಟೋ ಕಾಲವಾದರೂ ಮೂಗಿನ ಮೇಲೊಂದು ಮಾಸ್ಕ್. ಗಯಾಬಾಯಿ ಅದನ್ನು ಕೆಳಗೆಳೆದಳು. ಅನುಮಾನ ನಿಜವಾಯಿತು. ಸುಮೇಧನೇ.

"ಕ್ಲಾಸ್ ತಪ್ಪಿಸಿ ಎಲ್ಲಿಗ್ ಹೊಂಟಿ ತಮ್ಮಾ?"

"ಮೌಶಿ! ನಿನಗ ಯಾರ್ ಹೇಳಿದ್ರು?"

"ನಿಮ್ಮವ್ವ ಶೇವಂತಾಬಾಯಿ ಹೊಟ್ಟ್ಯಾಗ ಅನ್ನ ನಿಂತೀತು, ಮಾತು ನಿಲ್ತದೇನು? ಜರಾ ಸರಿ."

ಸುಮೇಧ ಸರಿದ. ಗಯಾಬಾಯಿ ಕೂತಳು. ಇಬ್ಬರೂ ಮಂಠಾಳದವರು, ಒಂದೇ ಓಣಿ; ಓಣಿಯ ಹುಡುಗರಿಗೆಲ್ಲ ಅವಳು ಮೌಶಿ, ಅಂದರೆ ಚಿಕ್ಕಮ್ಮ. ಸದ್ಯ ಹೈದರಾಬಾದಿಗೆ ಹೋಗುವ ಬಸ್ಸು ಹುಮನಾಬಾದಿನ ಮೇಲೇ ಹೋಗಬೇಕು. ಅಷ್ಟರೊಳಗೆ ಇವನ ಮನಸ್ಸು ಹೊರಳಿಸಬೇಕು. ಇಲ್ಲದಿದ್ದರೆ ಪಾಳಿ ವಿಭಾಗಕ್ಕೆ ಇವತ್ತೇ ಬೀಗ.

ಪಾಳಿ ವಿಭಾಗವಿದ್ದ ಹುಮನಾಬಾದಿನ ವಿಶ್ವಲಾಭ ವಿಶ್ವವಿದ್ಯಾಲಯಕ್ಕೆ ಕೊರೊನಾ ಬಂದು ಹೋಗಿತ್ತು; ಅದರ ಹಿಂದೆ ಬಂದ ಆನ್‌ಲೈನ್ ಹೋಗಿರಲಿಲ್ಲ. ಕುಲಪತಿ ಹೋಗಿ ಸಿಇಒ ಬಂದಿದ್ದರು. ವಿದ್ಯಾರ್ಥಿ ಹೋಗಿ ಗಿರಾಕಿ ಬಂದಿದ್ದ. ಅರ್ಥ ಎಂದರೆ ಅಲ್ಲಿ ಒಂದೇ ಅರ್ಥ, ದುಡ್ಡು. ವಿದ್ಯೆಗೆ ಲಯ ತಪ್ಪಿ, ವಿದ್ಯಾಲಯದಲ್ಲಿ ವಿದ್ಯೆಯೇ ಲಯವಾಗಿತ್ತು.

ಪಾಳಿ ವಿಭಾಗ ಇಷ್ಟು ದಿನ ಉಳಿದದ್ದು ಕಿವಿಯ ತಪ್ಪಿನಿಂದ. ಬುದ್ಧನ ಮಾತುಗಳಿರುವ ಪಾಳಿ ಭಾಷೆಯನ್ನು ಮಾರ್ಕೆಟಿಂಗ್ ಮ್ಯಾನೇಜರ್ ಅನೀಲಕುಮಾರ ಕಾರ್ಖಾನೆಯ ಪಾಳಿ ಎಂದು ತಿಳಿದಿದ್ದ. "ಹಗಲು ಪಾಳಿ, ರಾತ್ರಿ ಪಾಳಿ, ಎರಡಕ್ಕೂ ತರಬೇತಿ, ನೌಕರಿ ಗ್ಯಾರಂಟಿ" ಎಂದು ಊರ ತುಂಬ ಬ್ಯಾನರ್ ಕಟ್ಟಿಸಿದ್ದ. ನೌಕರಿಯ ಆಸೆಗೆ ಸೇರಿದವರು ವಿಭಕ್ತಿ ಪ್ರತ್ಯಯ ಶುರುವಾಗುತ್ತಲೇ ಭಕ್ತಿಯಿಂದ ಕೈಮುಗಿದು ಎದ್ದು ಹೋದರು. ಉಳಿದವರು ಇಬ್ಬರು. ಕಲಿಸುವವರು ಒಬ್ಬರು, ಕಲಿಯುವವರು ಒಬ್ಬರು. ಇವತ್ತು ಅನೀಲಕುಮಾರ ಖುದ್ದಾಗಿ ನೋಡಲು ಬರುವವನಿದ್ದ. ಇಬ್ಬರೂ ಎದುರುಬದುರು ಸಿಕ್ಕರೆ ವಿಭಾಗ ಉಳಿಯುತ್ತದೆ. ಒಬ್ಬರು ತಪ್ಪಿದರೂ ಆ ಕೋಣೆ ವಿಡಿಯೊ ಸ್ಟುಡಿಯೊ.

ಆ ಕೋಣೆ ಎಂದರೆ ಗಯಾಬಾಯಿಗೆ ಜೀವ. ಮಂಠಾಳದ ಬುದ್ಧವಿಹಾರದಲ್ಲಿ ಪಾಳಿ ವಂದನೆ ಹೇಳಿಸುವವಳೇ ಅವಳು. ಅವಳು ಒಂದು ಸಾಲು ಅಂದರೆ ಓಣಿಗೆ ಓಣಿಯೇ ಹಿಂದೆ ಅನ್ನಬೇಕು. ಬಾಯಿಪಾಠ ಅಂದರೆ ಗಯಾಬಾಯಿ ಪಾಠ ಎಂದು ಊರಲ್ಲಿ ಗಾದೆಯೇ ಆಗಿತ್ತು.

ಕಂಡಕ್ಟರ್ ಬಂದ. ಸುಮೇಧನ ಎಳೆಮೀಸೆ ನೋಡಿದ, ತೊಡೆಯ ಮೇಲಿನ ಬ್ಯಾಗು ನೋಡಿದ. "ಪಾಸ್ ತೆಗಿಯೋ ತಮ್ಮಾ."

"ಆತ ಯಾವಾಗೋ ಪಾಸ್ ಆಗ್ಯಾನ್ರಿ. ಟಿಕೆಟ್ ಕೊಡ್ರಿ. ಎರಡು ಹುಮನಾಬಾದ," ಎಂದಳು ಗಯಾಬಾಯಿ.

"ನಂದು ಹೈದರಾಬಾದ," ಎಂದ ಸುಮೇಧ.

"ಮೇಡಂ ಹೇಳಿದ್ದು ಕೇಳೋ ಹುಡುಗಾ. ಬೆನ್ನ ಹತ್ತಿ ಬಂದು ಕ್ಲಾಸಿಗೆ ಒಯ್ಯೋರು ನನಗ ಸಿಕ್ಕಿದ್ರ ನಾ ಇಲ್ಲಿ ಸೀಟಿ ಊದತಿದ್ದಿಲ್ಲ," ಎಂದ ಕಂಡಕ್ಟರ್.

ಗಯಾಬಾಯಿ ಕನ್ನಡಕ ಸರಿಮಾಡಿಕೊಂಡಳು. ಕಂಡಕ್ಟರನ ಮಾತು ಸರಿಮಾಡಲಿಲ್ಲ.

"ಮೌಶಿ, ಖರೇ ಹೇಳು," ಸುಮೇಧ ದನಿ ತಗ್ಗಿಸಿದ. "ದಿನಾ ನಿನ್ನ ಮುಖ ನಾ ನೋಡೋದು, ನನ್ನ ಮುಖ ನೀ ನೋಡೋದು. ಇದಕ್ಕ ಯೂನಿವರ್ಸಿಟಿ ಅಂತಾರೇನು? ಹೈದರಾಬಾದಿನ ಆ್ಯಪ್ ಕಂಪನಿ ಕರದದ. ಈಗ ಎಲ್ಲಾ ಫೋನಿನಾಗೇ ಸಿಗತದ."

"ತಪ್ಪಿದ್ರ ಫೋನು ಬೈತದೇನು? ತಿಳೀಲಿಲ್ಲಂದ್ರ ಮುಖ ನೋಡಿ ಮತ್ತೊಮ್ಮಿ ಹೇಳ್ತದೇನು?"

"ಚಾರ್ಜ್ ಇದ್ರ ಹೇಳ್ತದ."

"ಅದಕ್ಕ ಚಾರ್ಜ್ ಇರ್ತದ, ನಿನಗ ಚಾರ್ಜ್ ಇಲ್ಲ, ಅಷ್ಟ ಫರಕು. ಪಾಠ ಅರ್ಧಕ್ಕ ಬಿಟ್ಟು ಓಡೋನಿಗಿ ನಾಚ್ಕಿ ಬರಬೇಕು."

"ನಾ ಹೋದ್ರ ನಿನಗೇನು ಲುಕ್ಸಾನ?"

ಗಯಾಬಾಯಿ ಮೊದಲ ಸಲ ತಡವರಿಸಿದಳು. "ಇಷ್ಟು ವರ್ಷ ಬರೇ ಹೇಳಿದ್ದಾತು. ನೀ ಬಂದ್ ಮ್ಯಾಲ ಹೇಳಿದ್ದಕ್ಕ ಅರ್ಥ ಬಂದದ. ಈಗ ನಡುವ ಕೈ ಬಿಡಬ್ಯಾಡ."

ಸುಮೇಧ ಮತ್ತೆ ಕಿಟಕಿಗೆ ಮುಖ ಕೊಟ್ಟ. ಹುಮನಾಬಾದ ಬಂತು. ಮಾತಿಗೆ ಬಗ್ಗದವನನ್ನು ಬಗ್ಗಿಸುವ ಉಪಾಯ ಗಯಾಬಾಯಿಗೆ ಗೊತ್ತಿತ್ತು. ಅವನ ಬ್ಯಾಗು ಕಿತ್ತುಕೊಂಡು ಇಳಿದೇಬಿಟ್ಟಳು. ಅಂಗಿ, ಸರ್ಟಿಫಿಕೇಟು, ಅವ್ವ ಕಟ್ಟಿದ ರೊಟ್ಟಿ, ಎಲ್ಲವೂ ಅದರಲ್ಲೇ. "ಮೌಶಿ! ಏ ಮೌಶಿ!" ಎನ್ನುತ್ತ ಸುಮೇಧ ಹಿಂದೆ ಹಾರಿದ. ಕಂಡಕ್ಟರ್ ಖುಷಿಯಿಂದ ಎರಡು ಸೀಟಿ ಹೆಚ್ಚಿಗೆ ಊದಿದ.

"ಕ್ಲಾಸಿನಾಗ ಮೌಶಿ ಗೀಶಿ ಅನ್ಬ್ಯಾಡ," ಗಯಾಬಾಯಿ ಓಡುತ್ತಲೇ ಹೇಳಿದಳು. "ಅಲ್ಲಿ ನೀ ಯಾರು, ನಾ ಯಾರು, ನೆನಪಿರಲಿ."

ವಿಭಾಗದ ಬಾಗಿಲಲ್ಲಿ ಅನೀಲಕುಮಾರ ಬೀಗ ಹಿಡಿದು ನಿಂತಿದ್ದ. ಇಬ್ಬರನ್ನೂ ಕಂಡು ಅವನ ಮುಖ ಇಳಿಯಿತು.

"ಇಬ್ಬರೂ ಬಂದ್ರೇನು? ಬೀಗಕ್ಕ ಎಣ್ಣಿ ಹಾಕಿ ತಂದಿದ್ದೆ."

"ಭಾಳ ಛಲೋ ಆತ್ರಿ. ನಿಮ್ಮ ಬಾಗಿಲದ ತಿರುಗಣಿ ಭಾಳ ಕಿರುಗುಟ್ಟತದ, ಅದಕ್ಕ ಹಾಕ್ರಿ," ಎಂದಳು ಗಯಾಬಾಯಿ.

"ನಗಚಾಟ್ಗಿ ಸಾಕ್ರಿ. ಕ್ಲಾಸ್ ನಡೀಬೇಕು. ನಾ ಇಲ್ಲೇ ನಿಂತು ನೋಡಾಂವ."

ಸುಮೇಧ ಹೊಸ್ತಿಲಲ್ಲೇ ನಿಂತ. ಬ್ಯಾಗು ಗಯಾಬಾಯಿಯ ಕೈಯಲ್ಲಿತ್ತು. ಅವಳು ಅದನ್ನು ಅವನ ಕಾಲ ಬಳಿ ಇಟ್ಟಳು. ಬೇಕಾದರೆ ಎತ್ತಿಕೊಂಡು ಹೋಗಬಹುದಿತ್ತು. ಅವಳು ತಡೆಯಲಿಲ್ಲ. ಒಳಗೆ ಹೋಗಿ ಸೆರಗಿನಿಂದ ಕರಿಹಲಗೆ ಒರೆಸಿದಳು. ಚಾಕ್‌ಪೀಸೊಂದನ್ನು ಹುಡುಕಿ ತೆಗೆದಳು.

ತಂದು ಸುಮೇಧನ ಕೈಗಿಟ್ಟಳು. ಆಮೇಲೆ ಮೊದಲನೆಯ ಬೆಂಚಿನಲ್ಲಿ ಕೈಕಟ್ಟಿ ಕೂತು, ಅಷ್ಟೇ ವಿನಯದಿಂದ ಎದ್ದು ನಿಂತಳು. "ಸರ್, ಗಚ್ಛಾಮಿ ಅಂದ್ರ ಹೋಗ್ತೀನಿ ಅಂತ ನೀವೇ ಕಲಿಸಿದ್ರಿ. ಹೋಗಂಗಿಲ್ಲ ಅನ್ಲಾಕ ಏನನ್ಬೇಕ್ರಿ?"

ಪಾಳಿ ವಿಭಾಗದ ಏಕೈಕ ಅಧ್ಯಾಪಕ ಸುಮೇಧ ಹಲಗೆಯ ತುಂಬ ದಪ್ಪಗೆ ಬರೆದ: ನ ಗಚ್ಛಾಮಿ.