ಊಟದ ಡಬ್ಬಿ ತಂದವನು

“ಫೋನಿನ ಆ್ಯಪ್ ನಂಬ್ಕೊಂಡು ಕಾಡಿಗೆ ಹೋಗ್ಬೇಡಿ ಮೇಡಂ. ಚಾರ್ಜ್ ಮುಗೀತು ಅಂದ್ರೆ ದಾರಿನೂ ಮುಗೀತು. ನಮ್ಮಣ್ಣ ಹಾಗೇ ಹೋಗ್ಬಿಟ್ಟ,” ಎಂದು ಚಾರಣದ ಸಾಮಾನಿನ ಅಂಗಡಿಯ ಸೇಲ್ಸ್‌ಮನ್ ಗದ್ಗದ ದನಿ ತಂದುಕೊಂಡ. ಅಂಗೈಯಗಲದ ಹಳದಿ ಜಿಪಿಎಸ್ ಯಂತ್ರವನ್ನು ಕೊಳ್ಳಲು ಬಂದಿದ್ದ ಹೆಂಗಸಿನ ಮುಂದೆ ಮೆಲ್ಲಗೆ ಸರಿಸಿದ. ಹೀಗೆ ಅಣ್ಣನನ್ನು ಬಾಯಲ್ಲೇ ಸಾಯಿಸಿ ಈ ವರ್ಷ ಹತ್ತು ಯಂತ್ರ ಮಾರಿದ್ದ.

ಆಕೆಯ ಕಣ್ಣು ತುಂಬಿತು. “ಅಯ್ಯೋ ಪಾಪ, ಎಷ್ಟು ವಯಸ್ಸಾಗಿತ್ತು?”

“ನಲವತ್ತೆರಡು,” ಎನ್ನುತ್ತ ಸೇಲ್ಸ್‌ಮನ್ ತಲೆಯೆತ್ತಿದ. ತಾನು ಬೆಳಿಗ್ಗೆ ಮನೆಯಲ್ಲಿ ಮರೆತು ಬಂದಿದ್ದ ಊಟದ ಡಬ್ಬಿ ಹಿಡಿದು ಅಣ್ಣ ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು.

ಅಣ್ಣ ಒಳಗೆ ಬಂದು ಡಬ್ಬಿಯನ್ನು ಯಂತ್ರದ ಪಕ್ಕದಲ್ಲಿಟ್ಟ. ಆಕೆ ಇಬ್ಬರನ್ನೂ ನೋಡಿದಳು. ಒಂದೇ ಅಚ್ಚಿನ ಮೂಗು. “ನೀವು ಇವರ ಕಡೆಯವರಾ?”

ಸೇಲ್ಸ್‌ಮನ್ ತಲೆ ತಗ್ಗಿಸಿ ಬಿಲ್ ಪುಸ್ತಕ ಹುಡುಕತೊಡಗಿದ.

“ಇಲ್ಲಮ್ಮ, ಪಕ್ಕದ್ಮನೆಯವನು,” ಎಂದ ಅಣ್ಣ. “ಅವರು ಹೇಳೋದು ಸರಿ. ಇದನ್ನೇ ತಗೊಳ್ಳಿ.” ಆಮೇಲೆ ತಮ್ಮನ ಕಡೆ ತಿರುಗಿ, ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿ, “ಬಿಸಿಯಾಗಿದೆ, ಆರೋದ್ರೊಳಗೆ ಊಟ ಮಾಡ್ಬಿಡಿ ಸಾರ್,” ಎಂದ.