ಡೇಗೆಮರಿಗೆ ಕಟ್ಟಿದ ಬಲೆ

ಹದಿನಾಲ್ಕನೇ ಮಹಡಿಯ ಅಂಚಿನಿಂದ ಪೆರೆಗ್ರಿನ್ ಡೇಗೆ ಎಂಬ ಬೇಟೆಹಕ್ಕಿಯ ಮರಿಯೊಂದು ಮೊದಲ ಸಲ ಹಾರಿತು. ಗಾಳಿ ಹಿಡಿಯಲಾಗದೆ ಉರುಳಿ ಉರುಳಿ, ಕೆಳಗೆ ಕಟ್ಟಿದ್ದ ಬಲೆಗೆ ಬಿದ್ದು ಬದುಕಿತು. ನೋಡಲು ಸೇರಿದ್ದ ಅಪಾರ್ಟ್‌ಮೆಂಟಿನವರೆಲ್ಲ ಚಪ್ಪಾಳೆ ತಟ್ಟಿದರು.

ಪೊರಕೆ ಹಿಡಿದು ನಿಂತಿದ್ದ ಕಸ ಗುಡಿಸುವ ಹೆಂಗಸಿಗೆ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ ಇದೇ ಗೋಡೆಗೆ ಬಣ್ಣ ಬಳಿಯುತ್ತಿದ್ದ ಅವಳ ಗಂಡ ಹಗ್ಗ ಹರಿದು ಬಿದ್ದಾಗ ಕೆಳಗಿದ್ದದ್ದು ಬರೀ ಸಿಮೆಂಟು ನೆಲ.

“ಹಕ್ಕಿಗಾದ್ರೆ ಬಲೆ ತರೋಕಾಗುತ್ತೆ, ಅಲ್ವಾ ಸಾರ್?” ಎಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನು ಕೇಳಿಯೇಬಿಟ್ಟಳು. “ನನ್ನ ಗಂಡಂಗೆ ಮಾತ್ರ ಕೊಂಡ್ಕೊಳ್ಳೋಕಾಗ್ಲಿಲ್ಲ.”

“ಅಯ್ಯೋ, ರೇಗಬೇಡಮ್ಮ. ಹಕ್ಕಿಗೂ ನಾವೇನು ಕೊಂಡು ತಂದಿಲ್ಲ,” ಎಂದು ಅವರು ಸಮಾಧಾನ ಹೇಳಿದರು. “ಬಿಲ್ಡಿಂಗ್ ಕಟ್ಟಿದಾಗಿಂದ ಇದು ನಮ್ಮ ಸ್ಟೋರ್ ರೂಮಲ್ಲೇ ಬಿದ್ದಿತ್ತು.”